ಮೂರು ಸಲಾಕಿ

ಮೊದಲು ತೊಗರಿ ಕಟಗೀಲೆ ಮಾಡಿ ನೋಡಿದೆ,
ಸೆಣಬಿನ ದಾರ ಸುತ್ತಿ.
ರೇಡಿಯೋಕ್ಕ ಕಟಗಿ ಕಾಣಂಗಿಲ್ಲ, ಗೊತ್ತು.
ನನ್ನ ಕೈಗೆ ಅಳತಿ ತಿಳೀಬೇಕಿತ್ತು.

ಮುನ್ನೂರನ್ನ ನೂರಾ ಇಪ್ಪತ್ತೆರಡರಿಂದ ಭಾಗಿಸಿದರ
ಎರಡು ಮೀಟರ್ ನಲವತ್ತಾರು.
ಅದರ ಅರ್ಧಕ್ಕ ಅರ್ಧ ಬೆರಳು ಕಡಿಮಿ ಹಿಂದಿನ ಸಲಾಕಿ,
ನಡುವಿಂದು ಇನ್ನೂ ನಾಕು ಬೆರಳು ಗಿಡ್ಡ,
ಮುಂದಿಂದು ಅದಕ್ಕೂ ಗಿಡ್ಡ.
ಒಂದರಿಂದ ಒಂದಕ್ಕ ಒಂದು ಮೊಳ, ಮ್ಯಾಲ ಎರಡು ಬೆರಳು.
ಇಪ್ಪತ್ತೊಂಬತ್ತು ವರ್ಷ ಕಾಲೇಜಿನ ಲ್ಯಾಬಿನಾಗ
ಹುಡುಗೇರಿಗೆ ವರ್ನಿಯರ್ ಕೊಟ್ಟು ಎಣಿಸಿ ಇಸಕೊಂಡಾಕಿ ನಾನು,
ಮೊಳದಾಗ ಅಳದೆ ಅಂತ ಯಾರಿಗೂ ಹೇಳಬ್ಯಾಡ್ರಿ.

ಲಾಡ್ಲೆಸಾಬನ ಕೇಬಲ್ ಅಂಗಡಿ ಮುಚ್ಚಿ ಎಂಟು ವರ್ಷ.
ಶಟರ್ ಅರ್ಧ ಎತ್ತಿ, ಬಗ್ಗಿ ಒಳಗ ಹೋಗಿ,
ಧೂಳಿನಾಗಿಂದ ಮೀನದ ಎಲುವಿನಂಥ ಹಳೇ ಅಂಟೆನಾ ಎಳದ.
"ಇದರಾಗ ಇಡೀ ಓಣಿ ಕ್ರಿಕೆಟ್ ನೋಡ್ಯದ, ಅಕ್ಕಾರ."
ಅದಕ್ಕ ರೊಕ್ಕ ಬ್ಯಾಡ ಅಂದ.
ಕರೀ ವೈರಿನ ಸುರುಳಿ ತಕ್ಕಡಿಗೆ ಹಾಕಿದ,
ಅದಕ್ಕ ತಗೊಂಡ.

ಟಿವಿ ಅಂಟೆನಾ ಮಲಗಿರ್ತದ. ಇದು ನಿಂದ್ರಬೇಕು,
ವಿಮಾನದ ತೆರಿ ನಿಂತೇ ಬರ್ತದ.
ಬೋರಿನ ಪ್ಲಾಸ್ಟಿಕ್ ಪೈಪಿಗೆ ತೂತು ಹೊಡದು ಮೂರೂ ನಿಲ್ಲಿಸಿದೆ.
ವೈರು ನಡುವಿನದಕ್ಕ ಒಂದಕ್ಕೇ,
ಅಲ್ಯುಮಿನಿಯಂಗ ಬೆಸುಗಿ ಹಿಡೀಲಿಲ್ಲ, ಸ್ಕ್ರೂ ತಿರುವಿದೆ.
ಹಿಂದಿನದಕ್ಕ, ಮುಂದಿನದಕ್ಕ ಏನೂ ಕಟ್ಟಿಲ್ಲ.
ಸುಮ್ಮ ನಿಂತಾವ.
ಅವು ಹಂಗ ನಿಂತದ್ದಕ್ಕೇ ನಡುವಿನದಕ್ಕ ಕೇಳಸ್ತದ.
ನಮ್ಮ ಮನ್ಯಾಗ ಯಾರು ಯಾವ ಸಲಾಕಿ ಅಂತ
ಆ ರಾತ್ರಿ ಎಣಿಸಲಕ ಕೂತೆ.
ಎಣಿಕಿ ಸರಿ ಬರಲಿಲ್ಲ.

ಶಾಹಬಜಾರ. ಶಹಾಬಾದಿ ಹಾಸಿನ ಮಾಳಗಿ.
ಮಾರ್ಚಿನ ಹತ್ತು ಗಂಟೆಕ್ಕೇ ಬರಿಗಾಲು ಇಡಂಗಿಲ್ಲ.
ಸೇಡಂ ರೋಡಿನ ಕಡಿ ಮುಖ ಮಾಡಿ ಹಿಡದೆ.
ಪಕ್ಕದ ಮಾಳಗಿ ಮ್ಯಾಲ ಸಂಡಿಗಿ ಹಾಕೋ ಗುರುಬಾಯಿ:
"ಯಾ ಚಾನಲ್ ಬರ್ತದಬೇ?"
ಆಕಾಶವಾಣಿ, ಅಂದೆ. ಸುಳ್ಳೇನಲ್ಲ.

ಬರೇ ಸರಸರ. ಬಿಸಿ ಎಣ್ಣ್ಯಾಗ ಹಪ್ಪಳ ಬಿಟ್ಟಂಗ.
ಒಂದು ಗೇಣು ಎಡಕ್ಕ ತಿರುವಿದೆ.
ಸರಸರ ಒಮ್ಮಿಗೇ ಬಾಯಿ ಮುಚ್ಚಿತು,
ಮಾತಾಡೋಕಿಂತ ಮೊದಲು ಯಾರೋ ಉಸಿರು ತಗೊಂಡಂಗ.
ಅದರ ಹಿಂದೇ ಒಂದು ಹುಡುಗಿ.

ಕಲಿಯೋ ಹುಡುಗಿ. ಇಂಗ್ಲಿಷಿನಾಗ ತನ್ನ ವಿಮಾನದ ಹೆಸರು,
ಎತ್ತರ, ಎಡಕ್ಕ ಹೊರಳಿದ್ದು, ಇಳೀತೀನಿ ಅಂದದ್ದು.
ಪ್ರಾಕ್ಟಿಕಲ್ ಪರೀಕ್ಷಾದಾಗ ಹೊರಗಿನ ಸರ್ ಮುಂದ ನಿಂತ
ಎಷ್ಟೋ ಹುಡುಗೇರ ದನಿ ಅದು, ನನಗ ಗುರ್ತ ಅದ:
ಗೊತ್ತಿದ್ದದ್ದು ಹೇಳೂಮುಂದನೂ ಕಡೀ ಶಬ್ದ ಸಣ್ಣ ಆಗ್ತದ.

ಟವರಿನ ಉತ್ತರ ನನಗ ಕೇಳಂಗಿಲ್ಲ.
ನಡುವ ನೀರಿನ ಟಾಕಿ, ಹೊಸ ಲಾಡ್ಜು, ಮೊಬೈಲ್ ಕಂಬ.
ನೆಲದ ಮಾತು ನನ್ನ ಮಾಳಗಿ ಮುಟ್ಟಂಗಿಲ್ಲ, ಮ್ಯಾಲಿಂದು ಮುಟ್ಟತದ.
ಹಿಂಗಾಗಿ ಆಕಿ ಸುಮ್ಮಾದ ಪ್ರತಿ ಸಲ
ಉತ್ತರ ನಾನೇ ಹೇಳಬೇಕಾಯಿತು, ಬಾಯಾಗ:
ಇಳಿಯವ್ವ. ಗಾಳಿ ಪಡುವಲದಿಂದ ಅದ,
ಒಣಗ ಹಾಕಿದ ಸೀರಿ ಮೂಡಲಕ್ಕ ಹಾರಲಕತ್ತದ.

ಇಳೀಲಿಲ್ಲ. ಇನ್ನೊಂದು ಸುತ್ತು ಹಾಕ್ತೀನಿ ಅಂದಳು.
ಎರಡನೇ ಸಲನೂ ಅದೇ.
ಮೂರನೇ ಸಲಕ್ಕ ಗುರುಬಾಯಿ ಹಿಟ್ಟಿನ ಕೈಲೇ ಗೋಡಿ ದಾಟಿ ಬಂದು
ಒಂದಕ್ಷರ ತಿಳೀದಿದ್ದರೂ ನನ್ನ ರಟ್ಟಿ ಹಿಡಕೊಂಡಳು.
ಕೈ ಅಳ್ಳಾಡಿತು. ಸಲಾಕಿ ವಾಲಿತು.
ದನಿ ಹೋಯಿತು.

ಸೇಡಂ ಕಡಿ ಹುಡುಕಿದೆ, ಶಹಾಬಾದ್ ಕಡಿ ಹುಡುಕಿದೆ,
ಬರೇ ಹಪ್ಪಳ.
ಗುರುಬಾಯಿ ತನ್ನ ಕೈ ತಾನೇ ಬೈಕೊಂಡಳು.
ಆಮ್ಯಾಲ ತಿಳೀತು.
ಗಾಲಿ ನೆಲಕ್ಕ ಹತ್ತಿದ ಮ್ಯಾಲ ಆಕಿ ಮಾತೂ ನೆಲದ ಮಾತೇ,
ನೀರಿನ ಟಾಕಿ ಆಚಿ.

ಅಷ್ಟರಾಗ ಕಾಗಿ ಅರ್ಧ ಸಂಡಿಗಿ ತಿಂದಿತ್ತು.
"ನಾಳಿ ಎಷ್ಟಕ್ಕ ಹಚ್ಚತಿ?" ಅಂದಳು ಗುರುಬಾಯಿ.
ಹತ್ತಕ್ಕ, ಅಂದೆ.