ಮುಂಚಿನ ಓದು

ಡಾಕ್ಟರ್ ಆಗೂಕೆ ಹೊಂಟಾಳಂತೆ ತಾಂಡೇಲರ ಹುಡುಗಿ,
ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಸುದ್ದಿ.
ಡಾಕ್ಟರ್ ಅಲ್ಲ ಮಾವಶಿ, ಅದಕ್ಕೂ ಮುಂಚಿನ ಓದು,
ಎಂದೆ ಒಣ ಶೆಟ್ಲಿ ಅಳೆಯುತ್ತ.
ಮುಂಚಿನದಕ್ಕೇ ಇಷ್ಟು ದೂರವೇ?
ಹಾಗಾದರೆ ಆಮೇಲಿನದು ಎಲ್ಲಿ, ಚಂದ್ರನಲ್ಲೋ?

ಫಿಲಿಪ್ಪೀನ್ಸಿನಲ್ಲಿ ದಾವಾವ್ ಅಂತ ಊರು.
ಆಯಿಯ ಬಾಯಲ್ಲಿ ಅದು ದಾವಾ ಆಯಿತು,
ಕೋರ್ಟಿನಲ್ಲಿ ಹೂಡುತ್ತಾರಲ್ಲ, ಆ ದಾವಾ.
ಮಗಳು ದಾವಾಕ್ಕೆ ಹೋಗ್ತಾಳೆ, ಎನ್ನುತ್ತಾಳೆ ಗಿರಾಕಿಗಳಿಗೆ.
ಯಾರ ಮೇಲೆ, ಎಂದವರಿಗೆ
ನಗುತ್ತ ತಕ್ಕಡಿ ಎತ್ತುತ್ತಾಳೆ.

ಬ್ಯಾಂಕಿನಲ್ಲಿ ಸಾಲಕ್ಕೆ ಅವಳ ಹೆಬ್ಬೆಟ್ಟು ಬೇಕಿತ್ತು.
ಯಂತ್ರ ಒಪ್ಪಲಿಲ್ಲ.
ಇನ್ನೊಮ್ಮೆ ಒತ್ತಿ. ಒತ್ತಿದಳು.
ಸೀರೆಗೆ ಒರೆಸಿ ಒತ್ತಿ. ಒರೆಸಿ ಒತ್ತಿದಳು.
ಎಡಗೈ. ನಡುಬೆರಳು. ಉಂಗುರ ಬೆರಳು.
ಇಪ್ಪತ್ತೆರಡು ವರ್ಷ ಹುರುಪೆ ಕೆರೆದ ಕೈಯಲ್ಲಿ
ಗೆರೆಯೇ ಉಳಿದಿರಲಿಲ್ಲ.
ಮೀನಿನ ಜೊತೆಗೇ ಅವನ್ನೂ ಕೆರೆದು
ಯಾರ್‍ಯಾರದೋ ಚೀಲಕ್ಕೆ ಹಾಕಿ ಕಳಿಸಿದ್ದಳು.
ಗುಮಾಸ್ತ ಹೊನ್ನಾವರದ ಕಡೆಯವನು, ಒಳ್ಳೆಯವನು,
ರಾತ್ರಿ ಎಣ್ಣೆ ಹಚ್ಚಿ ನಾಳೆ ಬನ್ನಿ ಅಂದ.
ಹಚ್ಚಿದವಳು ನಾನು.
ಕಣ್ಣು ಮುಚ್ಚಿಕೊಂಡೇ ಹೇಳಿದಳು:
ನಾನೇ ನಿನ್ನ ಮೊದಲ ಪೇಷಂಟು. ಫೀಸು ಕೇಳಬೇಡ.

ಪೋಸ್ಟಾಫೀಸಿನ ಪಾಸ್‌ಪೋರ್ಟ್ ಕೌಂಟರಿನಲ್ಲಿ
ನನ್ನ ಹತ್ತೂ ಬೆರಳು ಒಂದೇ ಸಲಕ್ಕೆ ಸಿಕ್ಕಿದ್ದವು.
ಅಂದು ಅದೇನೂ ಅನಿಸಿರಲಿಲ್ಲ.

ನಿಜ ಹೇಳಲೇ,
ನೀಟ್‌ನಲ್ಲಿ ನನಗೆ ಬಂದದ್ದು ಸೀಟು ಸಿಗದ ಅಂಕ,
ಸುಮ್ಮನೆ ಕೂರಲೂ ಬಿಡದ ಅಂಕ.
ಹುಬ್ಬಳ್ಳಿಯ ಏಜೆಂಟ್ ಬಣ್ಣದ ಕಾಗದದಲ್ಲಿ ಕಾಲೇಜಿನ ಹಿಂದಿನ ಸಮುದ್ರ ತೋರಿಸಿದ.
ಸಮುದ್ರ ನಮ್ಮಲ್ಲೂ ಉಂಟಲ್ಲ, ಅಂದ ಬಾಬಾ.
ಅಷ್ಟೇ ಅಂದದ್ದು.
ಬೋಟಿನಲ್ಲಿದ್ದ ತನ್ನ ಪಾಲು ಮಾರಿದ ಸಂಜೆ
ಬೈತಖೋಲಿಗೆ ಹೋಗಿ ತುಂಬ ಹೊತ್ತು ನಿಂತು ಬಂದ.
ಬಂದ್ ತಿಂಗಳು. ಹಗ್ಗ ಬಿಗಿದ ಬೋಟುಗಳು
ಒಂದಕ್ಕೊಂದು ಮೈ ತಿಕ್ಕುತ್ತಿದ್ದವಂತೆ.
ನನಗಿನ್ನೂ ಹದಿನೇಳು ವರ್ಷ ಎಂಟು ತಿಂಗಳು.
ನನ್ನ ಸಹಿಗೆ ಬೆಲೆಯಿಲ್ಲ,
ಸಾಲದ ಕಾಗದದಲ್ಲಿ ಹೆಸರು ಮಾತ್ರ ಇದೆ:
ಪ್ರಣಾಲಿ ತುಕಾರಾಮ ತಾಂಡೇಲ.

ಮೀನಿನ ರಕ್ತ ಗೊತ್ತು ನನಗೆ.
ಇಸ್ವಣದ ಹೊಟ್ಟೆ ಸೀಳುವಾಗ ಪಿತ್ತ ಒಡೆಯದಂತೆ
ಕತ್ತಿಯ ತುದಿ ಎಷ್ಟು ಓರೆಯಾಗಬೇಕು, ಗೊತ್ತು.
ಒಡೆದರೆ ಇಡೀ ತುಂಡು ಕಹಿ,
ಗಿರಾಕಿ ಮತ್ತೆ ಬರುವುದಿಲ್ಲ.
ಮನುಷ್ಯರದು ಗೊತ್ತಿಲ್ಲ.
ಬಲೆ ಎಳೆಯುವ ಯಂತ್ರಕ್ಕೆ ಬೆರಳು ಕೊಟ್ಟು
ದುಲ್ಬಾ ಕಾಕಾ ಕೈಗೆ ಟವೆಲು ಸುತ್ತಿಕೊಂಡು ಬಂದ ದಿನ
ನಾನು ಗೋಡೆ ಹಿಡಿದು ಕುಸಿದು ಕೂತಿದ್ದೆ.
ಏಜೆಂಟನಿಗೆ ಇದನ್ನು ಹೇಳಿಲ್ಲ.
ಆಯಿಗೆ ಹೇಳಬೇಕಿಲ್ಲ, ನೀರು ಚಿಮುಕಿಸಿದವಳೇ ಅವಳು.

ನಮ್ಮಲ್ಲಿ ಒಂದು ಮಾತಿದೆ:
ಎದೆ ನೊಂದರೆ ಗೋವಾ, ತಲೆ ಒಡೆದರೆ ಮಣಿಪಾಲ,
ನೆಗಡಿಯಾದರೆ ಕಾರವಾರ.
ಕಾಕಾನನ್ನೂ ಇದೇ ಕಾಳಿ ಸೇತುವೆ ದಾಟಿಸಿ ಒಯ್ದಿದ್ದರು,
ಬೆರಳು ಬೇರೆ, ಐಸಿನ ಡಬ್ಬಿಯಲ್ಲಿ.
ಸೈರನ್ನು ಸದಾಶಿವಗಡದ ಆಚೆಗೂ ಕೇಳಿಸಿತ್ತು.

ಈಗ ಬೆಳಗಿನ ನಾಲ್ಕು. ನಾವೂ ದಾಟುತ್ತಿದ್ದೇವೆ,
ಬಾಡಿಗೆ ಕಾರು, ಸೈರನ್ನಿಲ್ಲ.
ಡಿಕ್ಕಿಯಲ್ಲಿ ಇಪ್ಪತ್ತಮೂರು ಕಿಲೋ,
ಮಾರ್ಕೆಟ್ಟಿನ ತಕ್ಕಡಿಯಲ್ಲೇ ತೂಗಿದ್ದು.
ಒಂದು ಹಿಡಿ ಹೆಚ್ಚೇ ಹಾಕಿರುತ್ತಾಳೆ ಆಯಿ, ಚಾಳಿ.
ಕೆಳಗೆ ಹೊಳೆ ಉಪ್ಪಾಗುತ್ತಿದೆ,
ಎಲ್ಲಿಂದ ಎಂದು ಕತ್ತಲಲ್ಲಿ ತಿಳಿಯದು.

ಅಲ್ಲಿ ಹೊತ್ತು ಮುಂದಂತೆ. ಆಯಿ ಲೆಕ್ಕ ಹಾಕುತ್ತಾಳೆ:
ನಾನು ಬುಟ್ಟಿ ಹೊರುವಾಗ ನೀನು ತಿಂಡಿ ತಿಂದಿರ್ತೀ.
ಹೌದು ಆಯಿ.
ನಿನಗಿಂತ ಎರಡೂವರೆ ಗಂಟೆ ಮುಂದೆ,
ಡಾಕ್ಟರಿಗಿಂತ ಆರೇಳು ವರ್ಷ ಹಿಂದೆ.

ಅವಳ ಹೆಬ್ಬೆರಳು ನನ್ನ ಮುಂಗೈ ಮೇಲೆ
ಏನೋ ಕೆರೆಯುವಂತೆ ಆಡುತ್ತಿದೆ, ನುಣ್ಣಗೆ.
ಪಾಸ್‌ಪೋರ್ಟ್ ಇಟ್ಕೊಂಡ್ಯಾ, ಎನ್ನುತ್ತಾನೆ ಬಾಬಾ
ಮುಂದಿನ ಸೀಟಿನಿಂದ, ತಿರುಗದೆ.
ಮಾಜಾಳಿ ಚೆಕ್‌ಪೋಸ್ಟ್ ಬರುವಷ್ಟರಲ್ಲಿ ಇದು ನಾಲ್ಕನೇ ಸಲ.
ಇಟ್ಕೊಂಡೆ, ಎನ್ನುತ್ತೇನೆ.
ಮತ್ತೆ ಮುಟ್ಟಿ ನೋಡಿಕೊಳ್ಳುತ್ತೇನೆ.