ಸೊನ್ನೆ ನೋಡಲು ಹೋದದ್ದು

ಮಂಗಳವಾರ ಬೆಳಿಗ್ಗೆ ಕಚೇರಿಯಿಂದ ಫೋನು:
ತೆಂಕಣ ಕಡಲಲ್ಲಿ, ಹಡಗೂ ಹಾಯದ ಕಡೆ,
ನಾವು ತೇಲಿಬಿಟ್ಟ ಪೆಟ್ಟಿಗೆ ಹೆಚ್ಚು ಎಣಿಸುತ್ತಿದೆ.
ನಿಮಿಷಕ್ಕೆ ಹನ್ನೊಂದು ಬರಬೇಕಾದಲ್ಲಿ
ನಲವತ್ತು. ಒಮ್ಮೊಮ್ಮೆ ನಲವತ್ತಮೂರು.
ನೀರೂ ಬೆಚ್ಚಗಿದೆಯಂತೆ ಕಾಲವಲ್ಲದ ಕಾಲದಲ್ಲಿ,
ಒಳಹರಿವು ಹಳೆಯ ದಾರಿ ಬಿಟ್ಟು
ಎಡಕ್ಕೆ ಹೊರಳಿದೆಯಂತೆ.
"ಸೊನ್ನೆ ಕಟ್ಟಿದವರು ನೀವೇ ತಾನೆ, ರುದ್ರಾಂಬೆ?
ಇನ್ನೊಮ್ಮೆ ನೋಡಿಬಿಡಿ."
ನೋಡಿಬಿಡಿ ಅಂದರೆ, ತಪ್ಪು ನಿಮ್ಮದೇ ಇರಲಿ ಅಂತ.
ನನಗೂ ಅದೇ ಆಸೆ.

ಆ ಪೆಟ್ಟಿಗೆಗೊಂದು ಜೋಡಿ ಇದೆ, ನನ್ನ ಬೀರುವಿನಲ್ಲಿ.
ಒಂದೇ ದಿನ ಬೆಸುಗೆ ಹಾಕಿ, ಒಂದೇ ಕಲ್ಲಿನ ಮೇಲಿಟ್ಟು
ಒಂದೇ ರಾತ್ರಿ ಎಣಿಕೆ ಕಲಿಸಿದ್ದು.
ಒಂದು ಕಡಲಿಗೆ ಹೋಯಿತು. ಇನ್ನೊಂದನ್ನು
ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು
ಬುಡೇನಣ್ಣನ ಜೀಪು ಹತ್ತಿದೆ.

ದುರ್ಗದ ಬೆಟ್ಟದಲ್ಲಿ ಈ ಕೆಲಸ ಆಗುವುದಿಲ್ಲ.
ಕೋಟೆಯ ಕಲ್ಲು ವಾಚಾಳಿ,
ಕಾದೆಣ್ಣೆಗೆ ಸಾಸಿವೆ ಬಿದ್ದ ಹಾಗೆ
ಹಗಲೂ ರಾತ್ರಿ ಚಿಟಿಚಿಟಿ.
ನಮ್ಮಜ್ಜಿಯ ರುಬ್ಬುಗುಂಡಿನದೂ ಅದೇ ಜಾತಿ;
ಅರವತ್ತು ವರ್ಷ ಅದನ್ನು ತಿರುಗಿಸಿದ ಕೈಗೆ
ಯಾರೂ ಹೇಳಿರಲಿಲ್ಲ, ಹೇಳಿದ್ದರೂ
ಚಟ್ನಿ ನಿಲ್ಲುತ್ತಿರಲಿಲ್ಲ.
ಸುಮ್ಮನಿರುವ ಕಲ್ಲು ಬೇಕಾದರೆ
ಐಮಂಗಲದ ಕಡೆ ಹೊರಳಿ ಮರಡಿಹಳ್ಳಿಗೆ ಬರಬೇಕು.

ದಿಂಬುಗಲ್ಲು. ಹಸಿರುಗಪ್ಪು. ಒಂದಕ್ಕೊಂದು ಒರಗಿ,
ಮದುವೆ ಮುಗಿದ ಮನೆಯಲ್ಲಿ
ಹಾಸಿಗೆ ಸುತ್ತಿ ಮೂಲೆಗೆ ಒಟ್ಟಿದ ಹಾಗೆ.
ಇನ್ನೂರೈವತ್ತು ಕೋಟಿ ವರ್ಷದ ಕೆಳಗೆ
ಇದು ಕಡಲ ತಳ.
ಬೆಂಕಿ ನೀರಿಗೆ ಇಳಿದು
ಉಸ್ಸೆಂದು ದುಂಡಗಾಗಿ ಮಲಗಿದ ಜಾಗ.
ಮೀನೂ ಇಲ್ಲದ ಕಡಲು ಅದು.
ಕೆಟ್ಟರೆ ಕೆಟ್ಟಿತೆಂದು ಹೇಳಲು
ಯಾರೂ ಇರಲಿಲ್ಲ.

ಕಾವಲಿನ ಸಣ್ಣಬೋರಮ್ಮ ಮೇಕೆ ಅಟ್ಟಿಕೊಂಡು ಬಂದಳು.
"ಏನ್ ಎಣಿಸ್ತೈತವ್ವ ಅದು?"
ಕಾಣದ್ದು, ಅಂದೆ.
"ಕಾಣದ್ದು ಎಷ್ಟೈತೆ?"
ಬೆಳಗಾಗಲಿ, ಹೇಳ್ತೀನಿ.
ಅವಳು ಅಲ್ಲೇ ನಿಂತು ತನ್ನ ಮೇಕೆ ಎಣಿಸಿದಳು.
ಒಂದು ಕಮ್ಮಿ ಬಂತು. ಬೈಯುತ್ತಾ ಹೋದಳು,
ಮೇಕೆಯನ್ನಲ್ಲ, ಲೆಕ್ಕವನ್ನು.

ರಾತ್ರಿ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಎಲ್ಲ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ.
ಹೆದ್ದಾರಿಯಲ್ಲಿ ಲಾರಿ.
ನಾನು ಕಡಲು ಕಂಡದ್ದು ಒಂದೇ ಸಲ, ಕಾರವಾರದ ಹತ್ತಿರ,
ಬಸ್ಸಿನ ಕಿಟಕಿಯಿಂದ, ಅದೂ ಎಡಗಡೆ ಕೂತವರ
ತಲೆಗಳ ಮೇಲೆ.
ಹತ್ತು. ಹನ್ನೆರಡು. ಹನ್ನೊಂದು.
ಬೆಸುಗೆ ಬಿಟ್ಟಿರಲಿ, ಅಂದುಕೊಂಡೆ. ಒಳಗೆ ಇರುವೆ ಹೊಕ್ಕಿರಲಿ.
ಎಣಿಕೆ ಕಲಿಸಿದ ಆ ರಾತ್ರಿ ನನಗೆ ಜ್ವರ ಇತ್ತಲ್ಲ,
ಎರಡರ ಕಿವಿಯಲ್ಲೂ ಒಂದೇ ತಪ್ಪು ಹೇಳಿರಬಹುದಲ್ಲ.
ಹನ್ನೊಂದು. ಹನ್ನೊಂದು. ಒಂಬತ್ತು.
ಬಾರೇ ನಲವತ್ತು, ಒಂದೇ ಒಂದು ಸಲ ಬಾ,
ಕೆಲಸ ಹೋದರೆ ಹೋಗಲಿ.
ಹನ್ನೆರಡು. ಹನ್ನೊಂದು.
ಬುಡೇನಣ್ಣ ಜೀಪಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಐದು ಗಂಟೆಗೆ ಫೋನು ಮಾಡಿದೆ.
ಸೊನ್ನೆ ಸರಿ ಇದೆ ಸರ್.
ಆ ಕಡೆ ಬಹಳ ಹೊತ್ತು ಮಾತಿಲ್ಲ.
"ಇನ್ನೊಮ್ಮೆ," ಅಂದರು; ಅವರೇ ನಿಲ್ಲಿಸಿದರು.
ಎಲ್ಲೋ ಚಮಚ ಲೋಟಕ್ಕೆ ತಾಗಿದ ಸದ್ದು.
"ಸರಿ. ಹಾಗಾದರೆ ಅದು ನೀರೇ."

ಸಣ್ಣಬೋರಮ್ಮ ಚಹಾ ತಂದಳು, ಸ್ಟೀಲು ತಂಬಿಗೆಯಲ್ಲಿ.
"ಸಿಕ್ತೇನವ್ವ ತಪ್ಪು?"
ಇಲ್ಲ.
"ನನ್ನ ಮೇಕೆ ಸಿಕ್ತು ನೋಡು."
ಎರಡು ದಿಂಬಿನ ನಡುವೆ, ಬೆಂಕಿ ಆರಿದ ಸಂದಿನಲ್ಲಿ,
ಇಡೀ ರಾತ್ರಿ ಬೆಚ್ಚಗೆ ಮಲಗಿತ್ತಂತೆ,
ನನ್ನ ಪೆಟ್ಟಿಗೆಯಿಂದ ಮೂರೇ ಮಾರು ದೂರ,
ಬಾಯಲ್ಲಿ ನನ್ನ ಟವೆಲಿನ ಅಂಚು.
ನಾನು ಎಣಿಸುತ್ತಲೇ ಇದ್ದೆ,
ನೋಡಿರಲಿಲ್ಲ.