ಏಳು, ಎಂಟು

ರೀಗಾದಿಂದ ಬಂದಿದ್ದಳು ಸಲಹೆಗಾರ್ತಿ,
ನಮ್ಮ ಹಿಮಕ್ಕೆ ಒಗ್ಗದ ಬೂಟು ತೊಟ್ಟು.
ಮೀನಿನ ಹೊಗೆ ಕೂದಲಿಗೆ ಹತ್ತದಂತೆ
ಕೊನೆಯವರೆಗೂ ತಲೆಯ ಶಾಲು ತೆಗೆಯಲಿಲ್ಲ.
ಗೋಡೆಯ ಮೇಲೆ ಬೆಳಕಿನ ಚೌಕ, ಅದರಲ್ಲೊಂದು ಬಾಣ, ಮೇಲಕ್ಕೆ.
'ನೌಕರರ ನೆಮ್ಮದಿಗೆ ಒಂದು ಯೂರೋ ಹಾಕಿ,
ವರ್ಷ ತಿರುಗುವುದರಲ್ಲಿ ಎರಡಾಗಿ ಬರುತ್ತದೆ.'
ಮಾಲೀಕರು ಬರೆದುಕೊಂಡರು. ನಾನೂ ಬರೆದುಕೊಂಡೆ;
ಸಂಬಳದ ಗುಮಾಸ್ತನಿಗೆ ಅಂಕಿ ಕಂಡರೆ
ಕೈ ತಾನಾಗಿ ಓಡುತ್ತದೆ.

ಹೀಗೆ ಬಂತು ಕುರ್ಜೆಮೆ ಕರಾವಳಿಯ ನಮ್ಮ ಡಬ್ಬಿಮೀನಿನ ಕಾರ್ಖಾನೆಗೆ
ಹಸಿರು ಫಾರಂ, ಅರವತ್ತಮೂರು ಜನಕ್ಕೆ ಅರವತ್ತಮೂರು.
ತಲೆಗೆ ಇನ್ನೂರು ಯೂರೋ, ಬೇಕಾದ್ದಕ್ಕೆ ಟಿಕ್ ಹಾಕಿ:
ಬೆನ್ನಿಗೆ ಮಾಲೀಸು, ಕನ್ನಡಕ, ಹಲ್ಲು,
ಅರವತ್ತು ಕಿಲೋಮೀಟರು ಆಚೆಯ ಈಜುಕೊಳ.
ಹಲ್ಲಿಗೇ ಹೆಚ್ಚು ಟಿಕ್ಕು.
'ಕಡಲೆ ಸಿಕ್ಕಿತಲ್ಲ, ಇನ್ನು ಹಲ್ಲು ಕಟ್ಟಿಸಿದರಾಯಿತು'
ಎಂದು ನಕ್ಕಳು ತೈಸಿಯಾ,
ನಗುವಾಗ ಬಾಯಿಗೆ ಕೈ ಅಡ್ಡ.

ಕೊನೆಯ ಸಾಲು: ಇತರೆ. ಮುಂದೆ ಚುಕ್ಕಿ, ಚುಕ್ಕಿ.
ಅದನ್ನು ತುಂಬಿದವರು ಇಬ್ಬರೇ.
ಬಾಯ್ಲರಿನ ಗುಂಟಿಸ್ ಬರೆದ: ನಾಯಿ ಸತ್ತರೆ ಒಂದು ದಿನ ರಜೆ.
ಸ್ಕೈದ್ರೀತೆ ಬರೆದಳು, ಮೀನೆಣ್ಣೆಯ ಬೆರಳಚ್ಚಿನ ಪಕ್ಕ:
ಏಳು, ಎಂಟು.

'ಏನು ಏಳೆಂಟು? ಯೂರೋನೇ? ದಿನಾನೇ?'
ಮಾಲೀಕರು ನನ್ನ ಮುಖ ನೋಡಿದರು.
ನನಗೆ ಗೊತ್ತಿತ್ತು.

ಮೊದಲ ಬಸ್ಸು ನಮ್ಮ ಗೇಟಿಗೆ ಬರುವುದು
ಏಳು ಗಂಟೆ ಎಂಟು ನಿಮಿಷಕ್ಕೆ.
ಸೈರನ್ ಕೂಗುವುದು ಏಳಕ್ಕೆ.
ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರ,
ನಾಲ್ಕು ದಿನ ಅವಳು ಬಸ್ಸಿನಲ್ಲಿ ಬಂದಳು.
ಎಂಟು ನಿಮಿಷಕ್ಕೆ ಅರ್ಧ ಗಂಟೆಯ ಕೂಲಿ ಮುರಿಯಬೇಕು, ನಿಯಮ.
ಮುರಿದೆ. ನಾಲ್ಕು ಸಲ. ಕೆಂಪು ಶಾಯಿಯಲ್ಲಿ.
ಐದನೆಯ ದಿನದಿಂದ ನಡೆದು ಬಂದಳು:
ಐದು ಕಿಲೋಮೀಟರು, ಪೈನ್ ಮರಗಳ ನಡುವಿನ ಕತ್ತಲು,
ಒಂದು ಬದಿಗೆ ಕಾಣದ ಕಡಲಿನ ಉಸಿರು,
ಎದೆಗೆ ಕಟ್ಟಿದ ಟಾರ್ಚು, ಬೂಟಿನಡಿ ಮೊಳೆ.
ಜನವರಿಯಲ್ಲಿ ರೆಪ್ಪೆ ತುಂಬ ಹಿಮ ಹೊತ್ತು
ನನ್ನ ಕಿಟಕಿ ಹಾಯುವಾಗ
ಒಂದು ದಿನವೂ ಕಣ್ಣೆತ್ತಿ ನೋಡಲಿಲ್ಲ.
ನಾನು ನೋಡುತ್ತಿದ್ದೆ. ನೋಡಿ, ಹಾಜರಿ ಹಾಕುತ್ತಿದ್ದೆ.
ಅವಳ ಹೆಸರಿನ ಮುಂದೆ ಮತ್ತೆ ಕೆಂಪು ಬೀಳಲಿಲ್ಲ;
ಅಷ್ಟನ್ನೇ ದಯೆ ಎಂದುಕೊಂಡಿದ್ದೆ.

'ಇದಕ್ಕೆ ಖರ್ಚೆಷ್ಟು?' ಕೇಳಿದರು ಮಾಲೀಕರು.
'ಸೊನ್ನೆ' ಅಂದೆ.
ಇನ್ನೂರರ ಕಾಲಮ್ಮಿನಲ್ಲಿ ಸೊನ್ನೆಯನ್ನು ತೋರಿಸುವುದು ಹೇಗೆಂದು
ರೀಗಾಕ್ಕೆ ಪತ್ರ ಹೋಯಿತು.
ಮೂರು ವಾರಕ್ಕೆ ಉತ್ತರ ಬಂತು, ಒಂದು ಹೆಸರು ಹೊತ್ತು:
ಹೊಂದಾಣಿಕೆಯ ವೇಳೆ.
ಏಳರಿಂದ ಏಳೂವರೆ, ಯಾವಾಗ ಬಂದರೂ ಸರಿ,
ತಡವಾದಷ್ಟು ಸಂಜೆ ನಿಂತರಾಯಿತು.

ಜಾರಿಯಾದ ಸೋಮವಾರ
ಬಸ್ಸು ಬಂತು, ಏಳು ಎಂಟಕ್ಕೆ ಸರಿಯಾಗಿ.
ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ.
ಹಬೆಗಟ್ಟಿದ ಗಾಜಿಗೆ ಒಂದು ಉಣ್ಣೆ ಟೋಪಿ ಒರಗಿತ್ತು.
ಎದ್ದು ನಿಂತೆ. ಓಡಿಹೋಗಿ ಕೂಗಬಹುದಿತ್ತು.
ಕೂಗಲಿಲ್ಲ.
ಬಸ್ಸು ಅವಳನ್ನು ನಿದ್ದೆಸಮೇತ ಹೊತ್ತುಕೊಂಡು
ಬಂದರಿನ ಕೊನೆಯವರೆಗೆ ಹೋಯಿತು.

ಬಂದಾಗ ಎಂಟು ಹತ್ತು.
ಕೆನ್ನೆಯ ಮೇಲೆ ಕಿಟಕಿಯ ರಬ್ಬರಿನ ಗೆರೆ.
ಮೊದಲ ಸಲ ನನ್ನ ಮುಂದೆ ನಿಂತಳು.
'ಸೀಟಿನಡಿಯಿಂದ ಬಿಸಿ ಬರುತ್ತೆ,' ಅಂದಳು
ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, 'ನಿಮಗೆ ಗೊತ್ತಿತ್ತಾ?'
ಗೊತ್ತಿರಲಿಲ್ಲ. ನನ್ನದು ಕಾರು.

ಕೆಂಪು ಶಾಯಿ ಒಣಗಿ ಬಿರಟೆಗೆ ಅಂಟಿತ್ತು.
ನೀಲಿಯಲ್ಲಿ ಬರೆದೆ: ಏಳು, ಎಂಟು.
ಉಳಿದ ಒಂದು ಗಂಟೆ ಎರಡು ನಿಮಿಷ?
ಡ್ರಾಯರಿನಲ್ಲಿ ನನ್ನ ಹಸಿರು ಫಾರಂ ಖಾಲಿಯಿತ್ತು.
ಈಜುಕೊಳಕ್ಕೆ ಟಿಕ್ ಹಾಕಿ ಅದರಡಿ ತೋರಿಸಿದೆ.

ಗುಂಟಿಸನ ಅರ್ಜಿ ಇನ್ನೂ ಮೇಜಿನ ಮೇಲಿದೆ.
ನಾಯಿಗೆ ಹದಿನಾಲ್ಕು. ಗಟ್ಟಿಯಾಗಿದೆ.